ಹಸ್ತಪ್ರತಿ ಒಂದು, ವಿವರ ಹಲವು

ಓಲೆಗರಿಯ ಚಿತ್ರವನ್ನು ಗಣಕಯಂತ್ರದಲ್ಲಿ ಸಂಗ್ರಹಿಸಿದ ಮಾತ್ರಕ್ಕೆ ಅದು ಓದುಗರ ಕೈಗೆ ದೊರಕಿತೆಂದು ಹೇಳಲಾಗದು. ಕೃತಿ ಯಾವುದು, ಕರ್ತೃ ಯಾರು, ಕಾಲ ಯಾವುದು, ಪ್ರತಿ ಎಲ್ಲಿದೆ ಎಂಬ ವಿವರಗಳೂ ಚಿತ್ರದೊಡನೆ ಇರಬೇಕಾಗುತ್ತದೆ. ಇವುಗಳಿಗೆ ಮೆಟಾಡೇಟಾ ಎಂದು ಹೆಸರು. ಇವನ್ನು ದಾಖಲಿಸುವ ಪದ್ಧತಿ ಮಾತ್ರ ಎಲ್ಲೆಡೆ ಒಂದೇ ಆಗಿಲ್ಲ. ಗ್ರಂಥಾಲಯಗಳಲ್ಲಿ 1960ರ ದಶಕದಲ್ಲಿ ಅಮೆರಿಕದಲ್ಲಿ ರೂಪುಗೊಂಡ ಮಾರ್ಕ್, ಪತ್ರಾಗಾರಗಳಲ್ಲಿ ಇಎಡಿ, ಪಠ್ಯಸಂಪಾದನೆಯಲ್ಲಿ ಟಿಇಐ ಎಂಬ ಪದ್ಧತಿಗಳು ಬಳಕೆಯಲ್ಲಿವೆ.

ಇವುಗಳ ನಡುವಿನ ಸಾಮಾನ್ಯ ಭಾಷೆಯಾಗಿ ಒದಗಿದ್ದು ಡಬ್ಲಿನ್ ಕೋರ್. 1995ರಲ್ಲಿ ಅಮೆರಿಕದ ಓಹಾಯೊ ರಾಜ್ಯದ ಡಬ್ಲಿನ್ ಪಟ್ಟಣದ ಕಾರ್ಯಾಗಾರದಲ್ಲಿ ಅಂಕುರಿಸಿದ ಈ ಪದ್ಧತಿಯಲ್ಲಿ ಈಗಿರುವ ಮೂಲ ಅಂಶಗಳು 15. ಸಂಗ್ರಹದಿಂದ ಸಂಗ್ರಹಕ್ಕೆ ವಿವರಗಳನ್ನು ರವಾನಿಸಲು 2001ರಲ್ಲಿ ಬಂದ ಒಎಐ ನಿಯಮಾವಳಿಯೂ ಇದನ್ನೇ ಕನಿಷ್ಠ ಅಗತ್ಯವೆಂದು ವಿಧಿಸಿತು.

ಸರಳತೆಯೇ ಇದರ ಗುಣ; ತೊಡಕೂ ಅದೇ. ಪಂಪನ ವಿಕ್ರಮಾರ್ಜುನ ವಿಜಯದ ಒಂದು ಓಲೆಪ್ರತಿಯನ್ನು ಊಹಿಸಿಕೊಳ್ಳಬಹುದು. ಕಾವ್ಯ ರಚನೆಯಾದದ್ದು ಸುಮಾರು ಕ್ರಿ.ಶ. 941ರಲ್ಲಿ. ಲಿಪಿಕಾರನು ಪ್ರತಿ ಮಾಡಿದ್ದು ಶತಮಾನಗಳ ತರುವಾಯ. ಚಿತ್ರ ತೆಗೆದದ್ದು ನಮ್ಮ ಕಾಲದಲ್ಲಿ. ಟಿಇಐ ಈ ಮೂರನ್ನೂ ಬೇರೆಬೇರೆಯಾಗಿ ಹೇಳಬಲ್ಲುದು. ಡಬ್ಲಿನ್ ಕೋರ್‌ನ ಮೂಲ ರೂಪದಲ್ಲಿ ಇರುವುದು 'ದಿನಾಂಕ' ಎಂಬ ಒಂದೇ ಅಂಶ. ಯಾವುದರ ದಿನಾಂಕವೆಂದು ತಿಳಿಸದೆ ತುಂಬಿದರೆ ಹತ್ತನೆಯ ಶತಮಾನದ ಕವಿ ಇಪ್ಪತ್ತೊಂದನೆಯ ಶತಮಾನದವನಾಗಿಬಿಡುತ್ತಾನೆ! ಇದೇ ಕೃತಿಗೆ ಪಂಪಭಾರತವೆಂಬ ಹೆಸರೂ ಇದ್ದು, ಅದು ದಾಖಲಾಗದಿದ್ದಲ್ಲಿ ಆ ಹೆಸರಿನಿಂದ ಹುಡುಕುವವರಿಗೆ ಪ್ರತಿಯೇ ಇಲ್ಲವೆಂದು ತೋರುತ್ತದೆ.

ಕಾಲಗಣನೆಯದು ಇನ್ನೂ ಸೂಕ್ಷ್ಮ. ಪ್ರತಿಯ ಕೊನೆಯಲ್ಲಿ ಶಾಲಿವಾಹನ ಶಕ 1722, ರೌದ್ರಿ ಸಂವತ್ಸರ, ಮಾಘ ಮಾಸ ಎಂದಿದ್ದರೆ, ರೂಢಿಯಂತೆ 78 ಕೂಡಿಸಿ 1800 ಎಂದು ಯಂತ್ರವು ಬರೆಯುವ ಸಂಭವವಿದೆ. ಆದರೆ ಆ ಮಾಘವು ಬರುವುದು 1801ರಲ್ಲಿ. ಆದುದರಿಂದ ಪರಿವರ್ತಿತ ವರ್ಷದ ಪಕ್ಕದಲ್ಲಿ ಮೂಲದ ಮಾತನ್ನು ಇದ್ದಂತೆಯೇ ಉಳಿಸುವುದು ಅವಶ್ಯಕ. ಅನೇಕ ಸಂಗ್ರಹಗಳಲ್ಲಿ ಮೊದಲು ಕೈಬಿಟ್ಟುಹೋಗುವುದು ಇದೇ ಎಂಬುದು ಖೇದಕರ.

ಒಂದೇ ಸಂಗ್ರಹವು ಹಲವೆಡೆ ಹಂಚಿಹೋಗಿರುವಾಗ ಈ ಕೆಲಸದ ಮಹತ್ವ ಹೆಚ್ಚುತ್ತದೆ. ಕರ್ನಲ್ ಮೆಕೆಂಜಿಯ ಸಂಗ್ರಹದ ಗ್ರಾಮವೃತ್ತಾಂತಗಳಾದ ಕೈಫಿಯತ್ತುಗಳು ಚೆನ್ನೈಯ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯದಲ್ಲಿವೆ. ಅದೇ ಸಂಗ್ರಹದ ರೇಖಾಚಿತ್ರಗಳು ಲಂಡನ್ನಿನ ಬ್ರಿಟಿಷ್ ಗ್ರಂಥಾಲಯದಲ್ಲಿವೆ. ಒಂದೆಡೆ ಊರಿನ ಹೆಸರು ಕನ್ನಡದಲ್ಲಿ, ಇನ್ನೊಂದೆಡೆ ಕಂಪನಿ ಕಾಲದ ಇಂಗ್ಲಿಷ್ ಕಾಗುಣಿತದಲ್ಲಿದ್ದರೆ ಇವೆರಡೂ ಒಂದೇ ಊರಿನವೆಂದು ಯಂತ್ರಕ್ಕೆ ತಿಳಿಯದು. ಊರಿಗೊಂದು ಸ್ಥಿರ ಸಂಖ್ಯೆಯನ್ನಿತ್ತು, ಅದರಡಿ ಎಲ್ಲ ಕಾಗುಣಿತಗಳನ್ನೂ ಸೇರಿಸಿದಲ್ಲಿ, ಮುಂಬಯಿಯಲ್ಲಿ ಕುಳಿತವರೊಬ್ಬರು ತಮ್ಮ ಪೂರ್ವಿಕರ ಊರಿನ ಹೆಸರನ್ನು ಕನ್ನಡದಲ್ಲಿಯೇ ಬರೆದು, ಅದರ ಕೈಫಿಯತ್ತನ್ನೂ ಚಿತ್ರವನ್ನೂ ಒಟ್ಟಿಗೆ ಕಾಣಬಹುದು.