ಪ್ರತಿಯೂ ಪಡಿಯಚ್ಚೂ

ಓಲೆಗರಿಯ ಕಾಲದಲ್ಲಿ ಕಾವ್ಯವೊಂದು ಉಳಿಯಬೇಕಾದರೆ, ಹಳೆಯ ಗರಿಗಳು ಮುರಿದುಹೋಗುವ ಮುನ್ನ ಯಾರಾದರೊಬ್ಬರು ಕುಳಿತು ಅದನ್ನು ಪ್ರತಿಮಾಡಬೇಕಾಗಿತ್ತು. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿಗಳನ್ನು ಬರೆಯಿಸಿದಳೆಂಬ ಮಾತನ್ನು ನಾವೆಲ್ಲ ಬಲ್ಲೆವು. ಇಂದು ನಮ್ಮ ಬರಹ ನಿಂತಿರುವುದು ಗಣಕಯಂತ್ರದ ಹಾರ್ಡ್ ಡಿಸ್ಕಿನಲ್ಲಿ. ಅದಕ್ಕೂ ಗರಿಯಂತೆಯೇ ಒಂದು ಆಯುಸ್ಸುಂಟು.

1956ರಲ್ಲಿ ಐಬಿಎಂ ಸಂಸ್ಥೆ ಹೊರತಂದ ಮೊದಲ ಡಿಸ್ಕಿನಲ್ಲಿ 50 ದೊಡ್ಡ ತಟ್ಟೆಗಳಿದ್ದವು. ಅವೆಲ್ಲ ಸೇರಿ ಹಿಡಿಯುತ್ತಿದ್ದದ್ದು ಸುಮಾರು 50 ಲಕ್ಷ ಅಕ್ಷರಗಳನ್ನು ಮಾತ್ರ. ಇಂದಿನ ಅಂಗೈಯಗಲದ ಡಿಸ್ಕು ಒಂದು ಗ್ರಂಥಾಲಯವನ್ನೇ ಹಿಡಿದೀತು. ಇವುಗಳಲ್ಲಿ ಎರಡು ಬಗೆ: ತಟ್ಟೆ ತಿರುಗುವುದು ಒಂದು, ಚಲಿಸುವ ಭಾಗಗಳೇ ಇಲ್ಲದ ಎಸ್‌ಎಸ್‌ಡಿ ಇನ್ನೊಂದು. ಮೊದಲನೆಯದು ಕೆಡುವ ಮುನ್ನ ಹಲವು ವೇಳೆ ಟಿಕ್ ಟಿಕ್ ಎಂದು ಸದ್ದುಮಾಡುತ್ತದೆ, ನಿಧಾನವಾಗುತ್ತದೆ. ಎರಡನೆಯದು ಸೂಚನೆಯನ್ನೇ ಕೊಡದೆ ಮೌನವಾಗಿಬಿಡಬಹುದು.

ಹೊಸ ಡಿಸ್ಕಿಗೆ ಎಲ್ಲವನ್ನೂ ಸಾಗಿಸುವುದೆಂದರೆ ಕಡತಗಳನ್ನು ಎತ್ತಿ ಅಲ್ಲಿಡುವುದಷ್ಟೇ ಎಂದು ಹಲವರು ತಿಳಿದಿದ್ದಾರೆ. ಕಡತಗಳ ಮಟ್ಟಿಗೆ ಅದು ಸರಿ. ಆದರೆ ಯಂತ್ರವನ್ನು ನಡೆಸುವ ಕಾರ್ಯವ್ಯವಸ್ಥೆ ಹಾಗೆ ಬರುವುದಿಲ್ಲ. ಯಂತ್ರ ಎಚ್ಚರಗೊಂಡೊಡನೆ ಡಿಸ್ಕಿನ ಮರೆಯಲ್ಲಿರುವ ಒಂದು ಚಿಕ್ಕ ವಿಭಾಗವನ್ನು ಹುಡುಕುತ್ತದೆ. ವ್ಯವಸ್ಥೆಯನ್ನು ಏಳಿಸುವ ಸೂಚನೆಗಳಿರುವುದು ಅಲ್ಲಿ. ಕಣ್ಣಿಗೆ ಕಾಣುವ ಕಡತಗಳನ್ನಷ್ಟೇ ಒಯ್ದರೆ ಅದು ಹಿಂದೆಯೇ ಉಳಿಯುತ್ತದೆ. ಆದುದರಿಂದ ಬೇಕಾದದ್ದು ಪ್ರತಿಯಲ್ಲ, ಪಡಿಯಚ್ಚು. ಇದಕ್ಕೆ ಕ್ಲೋನಿಂಗ್ ಎಂದು ಹೆಸರು.

ಈ ಕೆಲಸಕ್ಕೆಂದೇ ತಂತ್ರಾಂಶಗಳಿವೆ. ಕ್ರಮ ಮಾತ್ರ ತಪ್ಪಬಾರದು. ಮೊದಲು ಮುಖ್ಯ ಬರಹಗಳನ್ನು ಬೇರೊಂದು ಕಡೆ ಪ್ರತಿಮಾಡಿಡಬೇಕು. ಬಳಿಕ ಹಳೆಯ ಡಿಸ್ಕನ್ನು ಪರೀಕ್ಷಿಸಬೇಕು; ಲಿಪಿಕಾರ ಮಾತೃಕೆಯ ತಪ್ಪನ್ನೂ ಬರೆದಿಡುವಂತೆ, ಕ್ಲೋನು ಹಳೆಯ ದೋಷಗಳನ್ನೂ ವೈರಸ್ಸುಗಳನ್ನೂ ನಿಷ್ಠೆಯಿಂದ ಒಯ್ಯುತ್ತದೆ. ಡಿಸ್ಕಿಗೆ ಬಿಟ್‌ಲಾಕರ್ ಬೀಗವಿದ್ದರೆ ಅದರ 48 ಅಂಕಿಗಳ ಕೀಲಿಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು. ಆಮೇಲೆ ಹೊಸ ಡಿಸ್ಕನ್ನು ಜೋಡಿಸಿ, ಯಾವುದು ಮಾತೃಕೆ, ಯಾವುದು ಪ್ರತಿ ಎಂಬುದನ್ನು ಎರಡು ಬಾರಿ ನೋಡಿ ಗೊತ್ತುಮಾಡಬೇಕು. ಪ್ರತಿಯೆಂದು ತೋರಿಸಿದ ಡಿಸ್ಕಿನಲ್ಲಿದ್ದದ್ದೆಲ್ಲ ಅಳಿಯುತ್ತದೆ; ಇಲ್ಲಿ ಅದಲುಬದಲಾದರೆ ಬರಿದಾದುದು ತುಂಬಿದುದರ ಮೇಲೆ ಬರೆಯಲ್ಪಡುತ್ತದೆ. ಮುಗಿದ ಮೇಲೆ ಹಳೆಯದನ್ನು ಬಿಚ್ಚಿಟ್ಟು, ಹೊಸದೊಂದರಿಂದಲೇ ಯಂತ್ರ ಏಳುವುದೇ ಎಂದು ನೋಡಬೇಕು.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಎಚ್ಚರಿಕೆಯನ್ನು ಹೇಳಲೇಬೇಕು. ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ನಾವು ಟೈಪುಮಾಡಿದ್ದು ಕಡತದೊಳಗೆ ಕನ್ನಡವಾಗಿ ಕುಳಿತಿಲ್ಲ. ಇಂಗ್ಲಿಷ್ ಮುಂತಾದ ಲಿಪಿಗಳ ಸಂಕೇತಗಳಾಗಿ ಕುಳಿತಿದೆ. ಅದಕ್ಕೆ ಕನ್ನಡದ ರೂಪ ಕೊಡುವುದು ಫಾಂಟು. ಪಡಿಯಚ್ಚಿನಲ್ಲಿ ಫಾಂಟೂ ಜೊತೆಗೆ ಬರುತ್ತದೆ. ಆದರೆ ವ್ಯವಸ್ಥೆಯನ್ನು ಹೊಸದಾಗಿ ಸ್ಥಾಪಿಸಿ ಕಡತಗಳನ್ನು ಮಾತ್ರ ತಂದರೆ, ತೆರೆದಾಗ ಕಾಣುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು. ಬರಹ ನಾಶವಾಯಿತೆಂದು ಅದನ್ನು ಅಳಿಸಿಬಿಡಬೇಡಿ. ಆ ಫಾಂಟನ್ನು ಮತ್ತೆ ಹಾಕಿದರೆ ಕನ್ನಡ ಮರಳುತ್ತದೆ. ಅದಕ್ಕಿಂತ ಮೇಲಾದ ದಾರಿ, ಪರಿವರ್ತಕಗಳ ನೆರವಿನಿಂದ ಅದನ್ನು ಯೂನಿಕೋಡಿಗೆ ತರುವುದು. 1991ರ ಮೊದಲ ಆವೃತ್ತಿಯಿಂದಲೇ ಯೂನಿಕೋಡಿನಲ್ಲಿ ಕನ್ನಡಕ್ಕೆ ತನ್ನದೇ ಸ್ಥಾನವಿದೆ. ಅಲ್ಲಿ ‘ಕ’ ಎಂದರೆ ‘ಕ’ವೇ. ಪರಿವರ್ತಿಸಿದ್ದನ್ನು ಒಮ್ಮೆ ಓದಿ ನೋಡಬೇಕು. ಒತ್ತಕ್ಷರಗಳೂ ಅರ್ಕಾವೊತ್ತೂ ಕೆಲವೊಮ್ಮೆ ಸ್ಥಳ ತಪ್ಪುವುದುಂಟು.

ಹಳೆಯ ಡಿಸ್ಕನ್ನು ಒಂದೆರಡು ತಿಂಗಳಾದರೂ ಹಾಗೆಯೇ ತೆಗೆದಿಡಿ. ಹೊಸದು ಬಂತೆಂದು ನಿಶ್ಚಿಂತರಾಗುವುದೂ ಬೇಡ. ಸ್ಥಳ ಬದಲಾದರೂ ಬರಹ ಒಂದೇ ಕಡೆ ಇದ್ದರೆ ಅದು ಒಂಟಿ ಪ್ರತಿಯೇ. ಇನ್ನೊಂದನ್ನು ಬೇರೆಡೆ, ಸಾಧ್ಯವಾದರೆ ಬೇರೊಂದು ಮನೆಯಲ್ಲಿ, ಇರಿಸುವುದು ಕ್ಷೇಮ.