‘ಗೈಡ್’ ಚಿತ್ರ ಸತ್ಯಜಿತ್ ರಾಯ್ ಅವರ ಕೈ ಸೇರಿದ್ದರೆ?

ಒಂದೇ ಕಾದಂಬರಿಯನ್ನು, ಅದೇ ನಾಯಕ ನಾಯಕಿಯರನ್ನಿಟ್ಟುಕೊಂಡು, ಇಬ್ಬರು ನಿರ್ದೇಶಕರು ಎರಡು ಬೇರೆ ಚಿತ್ರಗಳನ್ನಾಗಿ ಮಾಡಿದ ಪ್ರಸಂಗ ಅಪರೂಪವಾದುದು. ಆರ್. ಕೆ. ನಾರಾಯಣರ ‘ದಿ ಗೈಡ್’ ಕೃತಿಗೆ ಆ ಯೋಗ ಒದಗಿತು. 1958ರಲ್ಲಿ ಪ್ರಕಟವಾಗಿ, 1960ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಈ ಕಾದಂಬರಿಯ ಇಂಗ್ಲಿಷ್ ಚಿತ್ರವನ್ನು ಟ್ಯಾಡ್ ಡ್ಯಾನಿಯಲೆವ್‌ಸ್ಕಿ ನಿರ್ದೇಶಿಸಿದರು. ಅದಕ್ಕೆ ಚಿತ್ರಕಥೆ ಬರೆದವರು ನೊಬೆಲ್ ಪುರಸ್ಕೃತೆ ಪರ್ಲ್ ಬಕ್. ಹಿಂದಿಯ ಚಿತ್ರವನ್ನು ವಿಜಯ್ ಆನಂದ್ ತಯಾರಿಸಿ 1965ರಲ್ಲಿ ತೆರೆಗೆ ತಂದರು. ಎರಡರಲ್ಲಿಯೂ ದೇವ್ ಆನಂದ್ ಮತ್ತು ವಹೀದಾ ರೆಹಮಾನ್. ಒಂದು ಮರೆತುಹೋಯಿತು, ಇನ್ನೊಂದು ಇಂದಿಗೂ ಜನಮನದಲ್ಲಿದೆ. ನಿರ್ದೇಶಕನ ಕೈ ಎಂದರೇನೆಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಬೇಕೆ?

ಆದರೆ ಮೂರನೆಯ ಕೈಯೊಂದು ಈ ಕೃತಿಯತ್ತ ಚಾಚಿತ್ತು. ಸತ್ಯಜಿತ್ ರಾಯ್ ಅವರು ಈ ಕಾದಂಬರಿಯನ್ನು ಚಿತ್ರಿಸುವ ಆಲೋಚನೆಯನ್ನು ತಮ್ಮೊಡನೆ ಪ್ರಸ್ತಾಪಿಸಿದ್ದರೆಂದು ವಹೀದಾ ಅವರೇ ಹೇಳಿಕೊಂಡಿದ್ದಾರೆ. 1962ರ ‘ಅಭಿಜಾನ್’ ಚಿತ್ರದಲ್ಲಿ ಆಕೆ ರಾಯ್ ಅವರ ನಿರ್ದೇಶನದಲ್ಲಿ ಅಭಿನಯಿಸಿದ್ದವರು. ಆ ಆಲೋಚನೆ ಕೈಗೂಡಲಿಲ್ಲ. ಕೈಗೂಡಿದ್ದರೆ ಹೇಗಿರುತ್ತಿತ್ತು? ಇದು ಕೇವಲ ಗಾಳಿಗೋಪುರವಲ್ಲ. ರಾಯ್ ಅವರ ಬೇರೆ ಚಿತ್ರಗಳೇ ಇದಕ್ಕೆ ಬಹುಮಟ್ಟಿಗೆ ಉತ್ತರ ಕೊಡುತ್ತವೆ.

ಮೊದಲು ಸ್ಥಳದ ಮಾತು. ತಮ್ಮ ಕೃತಿ ಚಿತ್ರವಾದ ಕಥೆಯನ್ನು ನಾರಾಯಣರು ವಿನೋದವೂ ವ್ಯಥೆಯೂ ಬೆರೆತ ಒಂದು ಪ್ರಬಂಧದಲ್ಲಿ ಹೇಳಿದ್ದಾರೆ. ಚಿತ್ರದವರನ್ನು ಅವರು ಮೈಸೂರಿನ ಸುತ್ತ ತಾವೇ ಕರೆದೊಯ್ದು ಕಾವೇರಿಯ ದಡ, ನಂಜನಗೂಡಿನ ಬೀದಿ, ಕಪಿಲೆಯಲ್ಲಿ ಮೀಯುವ ಯಾತ್ರಿಕರು, ಇವನ್ನೆಲ್ಲ ತೋರಿಸಿದರು. ಬಂದವರು ನೋಡಿ ಹಿಗ್ಗಿದರು. ಹಿಗ್ಗಿ, ಹೋಗಿ, ಜಯಪುರ ಉದಯಪುರಗಳಲ್ಲಿ ಚಿತ್ರೀಕರಿಸಿದರು! ಬಣ್ಣದ ಚಿತ್ರಕ್ಕೆ, ಅಗಲವಾದ ತೆರೆಗೆ, ಮಾಲ್ಗುಡಿಯ ಹೆಂಚಿನ ಮನೆಗಳು ಸಾಲವಂತೆ. ಲೇಖಕನ ಊರನ್ನೇ ಲೇಖಕನಿಗೆ ಇಲ್ಲವೆಂದು ಹೇಳುವ ಧೈರ್ಯ ಚಿತ್ರರಂಗಕ್ಕಲ್ಲದೆ ಮತ್ತಾರಿಗೆ ಬಂದೀತು!

ರಾಯ್ ಅವರು ಈ ಊರನ್ನು ಬಿಡುತ್ತಿರಲಿಲ್ಲವೆಂದು ನಂಬಬಹುದು. ಆದರೆ ಊರಿಗಿಂತ ಹೆಚ್ಚಿನ ನಷ್ಟವೊಂದಿದೆ, ಅದು ಮಾರ್ಕೋನದು. ಕಾದಂಬರಿಯಲ್ಲಿ ರೋಸಿಯ ಗಂಡ ಮಾರ್ಕೋ ದುಷ್ಟನಲ್ಲ. ಗುಹೆಗಳ ಚಿತ್ರಗಳಲ್ಲಿ ಮುಳುಗಿದ ವಿದ್ವಾಂಸ. ಕಲ್ಲಿನ ಮೇಲಿನ ನರ್ತಕಿಯರನ್ನು ಕಾಣಬಲ್ಲ, ಮನೆಯಲ್ಲಿರುವ ನರ್ತಕಿಯನ್ನು ಕಾಣಲಾರ. ಹಿಂದಿ ಚಿತ್ರಕ್ಕೆ ಇಷ್ಟು ಸಾಲಲಿಲ್ಲ. ಗಂಡನನ್ನು ತೊರೆಯುವ ಹೆಣ್ಣನ್ನು ಪ್ರೇಕ್ಷಕರು ಕ್ಷಮಿಸಬೇಕಾದರೆ ಗಂಡ ಪರಸ್ತ್ರೀಯ ಸಹವಾಸದಲ್ಲಿ ಸಿಕ್ಕಿಬೀಳಲೇಬೇಕೆಂದು ತೀರ್ಮಾನಿಸಲಾಯಿತು. 1964ರ ‘ಚಾರುಲತಾ’ವನ್ನು ನೋಡಿದವರಿಗೆ ರಾಯ್ ಅವರ ದಾರಿ ತಿಳಿದಿದೆ. ಅಲ್ಲಿನ ಗಂಡ ಭೂಪತಿ ಸಜ್ಜನ, ಹೆಂಡತಿಯ ಮೇಲೆ ಅಕ್ಕರೆಯುಳ್ಳವನು. ಅವನ ಲಕ್ಷ್ಯವೆಲ್ಲ ತನ್ನ ಪತ್ರಿಕೆಯ ಮೇಲೆ, ಅಷ್ಟೆ. ಆ ಮನೆಯ ಮೌನವೇ ಸಾಕು, ಖಳನಾಯಕ ಬೇಕಾಗಿಲ್ಲ.

ರಾಜುವಿನ ತಾಯಿಯ ಪ್ರಸಂಗವೂ ಹಾಗೆಯೇ. ದೇವದಾಸಿಯ ಮನೆತನದಲ್ಲಿ ಹುಟ್ಟಿದ ಹೆಣ್ಣು ತನ್ನ ಚಿಕ್ಕ ಮನೆಯಲ್ಲಿ ಗೆಜ್ಜೆ ಕಟ್ಟಿದಾಗ ಆ ತಾಯಿ ಪಡುವ ಸಂಕಟ, ಕೊನೆಗೆ ಆಕೆ ಮನೆ ಬಿಟ್ಟು ಹೊರಡುವುದು, ಇವು ‘ಮಹಾನಗರ’ದ ನಿರ್ದೇಶಕರಿಗೆ ಹೇಳಿ ಬರೆಯಿಸಿದಂತಿವೆ. ಇನ್ನು ನೃತ್ಯ. ದೇವದಾಸಿ ಪರಂಪರೆಯ ಮಹಾ ನರ್ತಕಿ ಬಾಲಸರಸ್ವತಿಯವರನ್ನು ಕುರಿತು ರಾಯ್ 1976ರಲ್ಲಿ ‘ಬಾಲಾ’ ಎಂಬ ಸಾಕ್ಷ್ಯಚಿತ್ರ ಮಾಡಿದರು. ರೋಸಿಯ ಭರತನಾಟ್ಯವನ್ನು ಅವರು ಹೇಗೆ ತೋರಿಸುತ್ತಿದ್ದರೆಂಬುದಕ್ಕೆ ಅದನ್ನು ನೋಡಿದರೆ ಸಾಕು.

ಎಲ್ಲಕ್ಕಿಂತ ಮುಖ್ಯವಾದುದು ಕೊನೆಯ ಮಳೆ. ಮೈಸೂರು ಸೀಮೆಯಲ್ಲಿ ಒಮ್ಮೆ ಭೀಕರ ಕ್ಷಾಮ ಬಂದು ಕನ್ನಂಬಾಡಿ ಜಲಾಶಯವೇ ಒಣಗಿದಾಗ ಬ್ರಾಹ್ಮಣರು ಉಪವಾಸವಿದ್ದು, ಮೊಣಕಾಲುದ್ದ ನೀರಿನಲ್ಲಿ ನಿಂತು ವರುಣನನ್ನು ಪ್ರಾರ್ಥಿಸಿದರೆಂದೂ, ಕಡೆಗೆ ಮಳೆ ಸುರಿಯಿತೆಂದೂ, ಆ ಘಟನೆಯೇ ತಮ್ಮ ಕಥೆಯ ಬೀಜವೆಂದೂ ನಾರಾಯಣರು ಬರೆದಿದ್ದಾರೆ. ಕುತೂಹಲವೆಂದರೆ, ನಿಜ ಜೀವನದಲ್ಲಿ ಬಂದ ಮಳೆಯನ್ನು ಕಾದಂಬರಿಕಾರರು ತಡೆಹಿಡಿದರು. ಬೆಟ್ಟಗಳಲ್ಲಿ ಮಳೆ ಬರುತ್ತಿದೆ, ಕಾಲ ಕೆಳಗೆ ಅದರ ಅರಿವಾಗುತ್ತಿದೆ ಎಂದು ಹೇಳಿ ರಾಜು ಕುಸಿಯುತ್ತಾನೆ. ಬಂದಿತೋ ಇಲ್ಲವೋ, ಅವನು ಸತ್ತನೋ ಬದುಕಿದನೋ, ಸಂತನೋ ಸೋಗಿನವನೋ, ಓದುಗನಿಗೇ ಬಿಟ್ಟದ್ದು. ವಿಜಯ್ ಆನಂದರು ಆ ಮಳೆಯನ್ನು ಧಾರಾಕಾರವಾಗಿ ಸುರಿಸಿದರು. ಬಿಟ್ಟುಹೋದ ತಾಯಿಯನ್ನೂ ರೋಸಿಯನ್ನೂ ಕರೆತಂದರು; ರಾಜುವನ್ನು ಆತ್ಮದೊಡನೆ ಮಾತನಾಡಿಸಿ ಮುಕ್ತನನ್ನಾಗಿಸಿದರು. 1960ರ ‘ದೇವಿ’ಯಲ್ಲಿ ರಾಯ್ ಅವರ ಮುಂದೆ ಇಂಥದೇ ಸಮಸ್ಯೆಯಿತ್ತು. ಮಾವನ ಕನಸೊಂದರ ದೆಸೆಯಿಂದ ಸಾಮಾನ್ಯ ಹುಡುಗಿಯೊಬ್ಬಳು ಕಾಳಿಯ ಅವತಾರವೆನಿಸಿಕೊಳ್ಳುತ್ತಾಳೆ. ಸಾಯಲಿದ್ದ ಮಗುವೊಂದು ಬದುಕುತ್ತದೆ, ಇನ್ನೊಂದು ಬದುಕುವುದಿಲ್ಲ. ಭಕ್ತಿಯ ಭಾರ ಹೊತ್ತವಳ ಕಣ್ಣಿನಲ್ಲಿ ಮೂಡುವ ಭೀತಿಯೇ ಅಲ್ಲಿನ ಕಥೆ. ವೇಲನ್‌ನ ನಂಬಿಕೆಗೆ ಸಿಕ್ಕಿಬಿದ್ದ ರಾಜುವಿಗೆ ಆ ಭೀತಿಯೇ ಬೇಕಾಗಿತ್ತು.

ಹೀಗೆಂದ ಮಾತ್ರಕ್ಕೆ ವಿಜಯ್ ಆನಂದರ ಚಿತ್ರವನ್ನು ಹಗುರವಾಗಿ ಕಾಣುವುದು ಅನ್ಯಾಯ. ಸಚಿನ್ ದೇವ್ ಬರ್ಮನ್ನರ ಸಂಗೀತವನ್ನು ಬಿಟ್ಟುಕೊಡಲು ಯಾರು ಒಪ್ಪಿಯಾರು? ಗಂಡನ ಮನೆಯ ಬಂಧನ ಕಳಚಿ ರೋಸಿ ಪಡುವ ಉಲ್ಲಾಸ ಆ ಚಿತ್ರದಲ್ಲಿ ಕಾದಂಬರಿಗಿಂತ ಹೆಚ್ಚು ತೆರೆದುಕೊಂಡಿದೆ. ರಾಯ್ ಅವರ ಸಂಯಮದಲ್ಲಿ ಅಷ್ಟು ಗಾಳಿಯಾಡುತ್ತಿತ್ತೇ ಎಂಬ ಶಂಕೆ ನನಗುಂಟು. ಭಾಷೆಯ ತೊಡಕೂ ಇತ್ತು. ಬಂಗಾಳದ ಹಜಾರದಲ್ಲಿ ಯಾರು ಹೇಗೆ ಉಸಿರಾಡುತ್ತಾರೆಂಬುದನ್ನು ಬಲ್ಲ ಅವರಿಗೆ ನಂಜನಗೂಡಿನ ಜಗಲಿಯ ಮಾತು ಕಿವಿಗೆ ಹೊಸದು.

ಆ ಕಿವಿಯುಳ್ಳವರು ತಡವಾಗಿ ಬಂದರು. ಟಿ. ಎಸ್. ನಾಗಾಭರಣರು 1983ರಲ್ಲಿ ನಾರಾಯಣರ ಇನ್ನೊಂದು ಕಾದಂಬರಿಯನ್ನು ‘ಬ್ಯಾಂಕರ್ ಮಾರ್ಗಯ್ಯ’ ಎಂಬ ಕನ್ನಡ ಚಿತ್ರವನ್ನಾಗಿಸಿದಾಗ ಲೋಕೇಶರ ನಾಲಗೆಯಲ್ಲಿ ಆ ಪಾತ್ರ ತನ್ನ ಮನೆಮಾತಿಗೆ ಮರಳಿದಂತಾಯಿತು. ಶಂಕರ್ ನಾಗ್ ಆಗುಂಬೆಯ ಬೀದಿಯನ್ನೇ ಮಾಲ್ಗುಡಿಯಾಗಿಸಿ ದೂರದರ್ಶನಕ್ಕೆ ತಂದ ‘ಮಾಲ್ಗುಡಿ ಡೇಸ್’ ಸರಣಿಯನ್ನು ನಾಡೆಲ್ಲ ಮೆಚ್ಚಿತು. 1990ರಲ್ಲಿ, ಇನ್ನೂ ಮೂವತ್ತೈದರ ಹರೆಯದಲ್ಲಿ, ಅವರು ಅಪಘಾತದಲ್ಲಿ ತೀರಿಕೊಂಡರು. ರಾಜುವಿನ ಕಥೆ ಅವರ ಕೈಗೂ ಬರಲಿಲ್ಲ.