ಪಾರ್ಕಿನೊಳಗಿನ ಖರ್ಚು ಮಕ್ಕಳ ಕೈಗೇ ಕೊಡ್ರಿ

ಬ್ಯಾಸಿಗಿ ರಜೆ ಬಂತಂದ್ರ ಸಿಂಧನೂರು, ಮಸ್ಕಿ, ಲಿಂಗಸುಗೂರು ಎಲ್ಲೇ ಇರ್ರಿ, ಹುಡುಗರದು ಒಂದೇ ಹಟ: ಪಾರ್ಕಿಗೆ ಕರ್ಕೊಂಡು ಹೋಗ್ರಿ ಅಂತ. ರಾತ್ರಿ ಬಸ್ಸು ಹತ್ತಿದರೆ ಬೆಂಗಳೂರು, ಅಲ್ಲಿಂದ ಬಿಡದಿಯ ವಂಡರ್‌ಲಾ. ಇಲ್ಲಾಂದ್ರೆ 2016ರಲ್ಲಿ ಶುರುವಾದ ಹೈದರಾಬಾದಿನ ವಂಡರ್‌ಲಾ. ಬಸ್ ಚಾರ್ಜು, ಟಿಕೆಟ್ಟಿನ ಲೆಕ್ಕ ಎಲ್ಲರೂ ಮನೇಲೇ ಮಾಡಿರ್ತೀರಿ. ಇವತ್ತು ನಾನು ಹೇಳೋದು ಗೇಟಿನ ಒಳಗೆ ಮಕ್ಕಳು ಕೇಳೋ ಎಕ್ಸ್‌ಟ್ರಾಗಳ ಬಗ್ಗೆ.

ಎರಡು ವರ್ಷದ ಹಿಂದೆ ಅಕ್ಕ, ಅಕ್ಕನ ಇಬ್ಬರು ಮಕ್ಕಳ ಜೊತೆ ಒಂದು ಪಾರ್ಕಿಗೆ ಹೋಗಿದ್ವಿ. ಯಾವುದು ಅಂತ ಬೇಡ. ಭತ್ತ ಮಾರಿದ ದುಡ್ಡಲ್ಲಿ ಅದಕ್ಕಂತಲೇ ತೆಗೆದಿಟ್ಟಿದ್ದು. ಐಸ್‌ಕ್ರೀಮು, ಗುಳ್ಳೆ ಬಿಡೋ ಪಿಸ್ತೂಲು, ರೈಡಿನಲ್ಲಿ ಕಿರುಚಿದ ಫೋಟೊ... ಒಂದೊಂದು ಕೌಂಟರ್ ಮುಂದೂ ಮಕ್ಕಳು ಕೇಳೋದು, ಅಕ್ಕ ‘ಬ್ಯಾಡ’ ಅನ್ನೋದು. ವಾಪಸ್ ಬರ್ತಾ ಬಸ್ಸಲ್ಲಿ ಅಕ್ಕ ಅಂದಳು, ‘ಖುಷಿ ಪಡ್ಲಿ ಅಂತ ಕರ್ಕೊಂಡ್ ಬಂದು ದಿನಾಪೂರ್ತಿ ಬೈದಂಗಾತಲ್ಲೋ.’

ಮಕ್ಕಳು ಹಂಗ್ಯಾಕೆ ಕೇಳ್ತಾರೆ? ನಮ್ಮ ಅಂಬಾಮಠದ ಜಾತ್ರೆ ನೆನಪು ಮಾಡ್ಕೊಳ್ರಿ. ತೊಟ್ಟಿಲು ಇನ್ನೊಮ್ಮೆ ಹತ್ತಬೇಕಂದ್ರೆ ಇನ್ನೊಂದು ಟಿಕೆಟ್. ಹುಡುಗನಿಗೆ ತಾನೇ ಲೆಕ್ಕ ಸಿಗುತ್ತೆ. ಅಮೆರಿಕದ ಡಿಸ್ನಿಲ್ಯಾಂಡ್ ಕೂಡ 1955ರಲ್ಲಿ ಶುರುವಾದಾಗ ರೈಡಿಗೆ ಬೇರೆ ದುಡ್ಡು ತಗೋತಿತ್ತು. 1982ರಲ್ಲಿ ಅದನ್ನ ಬಿಟ್ಟು, ಒಂದೇ ಟಿಕೆಟ್ಟಿಗೆ ಎಲ್ಲಾ ರೈಡು ಅಂತ ಮಾಡಿದರು. ಈಗಿನ ದೊಡ್ಡ ಪಾರ್ಕುಗಳಲ್ಲೂ ಹೆಚ್ಚು ಕಡಿಮೆ ಹಂಗೇ. ಹತ್ತು ರೈಡು ‘ಫ್ರೀ’ ಹತ್ತಿದ ಮಗು, ಹನ್ನೊಂದನೇ ಕೌಂಟರ್‌ನಲ್ಲಿ ದುಡ್ಡು ಯಾಕೆ ಅಂತ ಹೆಂಗೆ ತಿಳ್ಕೋಬೇಕು ಹೇಳ್ರಿ! ತಪ್ಪು ಮಗುದಲ್ಲ.

ಹೋದ ವರ್ಷ ಮತ್ತೆ ಹೊರಟಾಗ ಒಂದು ತಿಂಗಳು ಮೊದಲೇ ಇಬ್ಬರಿಗೂ ಹೇಳಿದೆ, ‘ನಿಮಗೆ ತಲಾ 400 ರೂಪಾಯಿ. ಊಟ, ನೀರು ನಮ್ಮ ಖರ್ಚು. ಮಿಕ್ಕಿದ್ದು ನಿಮ್ಮಿಷ್ಟ, ನಾವು ಬಾಯಿ ಹಾಕಲ್ಲ.’ ಅವತ್ತಿಂದಲೇ ಅವರ ಆಟ ಶುರು. ನೋಟ್‌ಬುಕ್ಕಲ್ಲಿ ಬರೆಯೋದು, ಹೊಡೆದು ಹಾಕೋದು. ಹೋಗೋಕೆ ಮುಂಚಿನ ಆ ಒಂದು ತಿಂಗಳಿಗೆ ಒಂದು ಪೈಸೆ ಖರ್ಚಿಲ್ಲ.

ಇನ್ನೊಂದು ಪುಕ್ಕಟೆ ಮಜಾ: ಬಾಗಿಲ ಚೌಕಟ್ಟಿಗೆ ಟೇಪ್ ಹಿಡಿದು 85, 140 ಸೆಂಟಿಮೀಟರಿಗೆ ಗೆರೆ ಹಾಕ್ರಿ. ವಂಡರ್‌ಲಾದಲ್ಲಿ ಮಕ್ಕಳ ಟಿಕೆಟ್ ವಯಸ್ಸಿನ ಮೇಲಲ್ಲ, ಎತ್ತರದ ಮೇಲೆ. 85ರ ಒಳಗಿದ್ರೆ ಫ್ರೀ, 140ರ ತನಕ ಮಕ್ಕಳ ಟಿಕೆಟ್. ದೊಡ್ಡ ರೈಡುಗಳಿಗೂ ಇಷ್ಟೇ ಎತ್ತರ ಬೇಕು ಅಂತ ನಿಯಮ ಇರುತ್ತೆ. ಮನೇಲೇ ಗೊತ್ತಾದ್ರೆ ಕ್ಯೂನಲ್ಲಿ ತಾಸುಗಟ್ಟಲೆ ನಿಂತು ಅಳೋದು ತಪ್ಪುತ್ತೆ. ನೀರಾಟಕ್ಕೆ ಹತ್ತಿ ಬಟ್ಟೆ ನಡೆಯಲ್ಲ, ನೈಲಾನಿಂದು ಊರಲ್ಲೇ ತಗೊಳ್ರಿ. ಇಲ್ಲಾಂದ್ರೆ ಅಲ್ಲಿ ಕೊಳ್ಳಬೇಕಾಗುತ್ತೆ.

ಕ್ಯೂ ತಪ್ಪಿಸೋ ಫಾಸ್ಟ್‌ಟ್ರ್ಯಾಕ್ ಟಿಕೆಟ್ ಬೇಕಾ? ರಜೆ ದಿನ, ಒಂದೇ ದಿನ ಟೈಮು ಅಂದ್ರೆ ಯೋಚನೆ ಮಾಡ್ರಿ. ವಾರದ ನಡುವೆ ಹೋಗೋದಾದ್ರೆ ನನ್ನ ಪ್ರಕಾರ ದಂಡ.

ಹಂಗಾರೆ 400 ರೂಪಾಯಿ ಏನಾಯ್ತು? ಸಣ್ಣವನು ಹನ್ನೊಂದು ಗಂಟೆ ಒಳಗೆ ಪಾಪ್‌ಕಾರ್ನ್, ಐಸ್‌ಕ್ರೀಮು, ಒಂದು ಪ್ಲಾಸ್ಟಿಕ್ ಕತ್ತಿ ಅಂತ ಎಲ್ಲಾ ಮುಗಿಸಿ ಕೂತ. ಕತ್ತಿ ಮಧ್ಯಾಹ್ನಕ್ಕೇ ಮುರೀತು. ಅತ್ತ. ಅಕ್ಕನ ಕೈ ಪರ್ಸಿಗೆ ಹೋಯ್ತು, ನಾನು ಕಣ್ಣಲ್ಲೇ ಬ್ಯಾಡ ಅಂದೆ. ದೊಡ್ಡಾಕಿ ಸಂಜೆತನಕ ಒಂದು ರೂಪಾಯಿ ಬಿಚ್ಚಲಿಲ್ಲ. ಕೊನೆಗೆ ಅಜ್ಜಿಗೆ ಒಂದು ಕೀ ಚೈನ್ ತಗೊಂಡಳು. ನಮ್ಮ ಅಜ್ಜಿ ಹತ್ರ ಕೀ ಇರೋದು ಒಂದೇ, ಅಕ್ಕಿ ಡಬ್ಬದ್ದು! ಉಳಿದದ್ದರಲ್ಲಿ ತಮ್ಮನಿಗೆ 40 ರೂಪಾಯಿ ಸಾಲ ಕೊಟ್ಟಳು.

ಅಕ್ಕ ಆ ದಿನ ತಾನೂ ಎರಡು ರೈಡು ಹತ್ತಿದಳು. ಆ 40 ರೂಪಾಯಿ ಇನ್ನೂ ವಾಪಸ್ ಬಂದಿಲ್ಲವಂತೆ, ಮೊನ್ನೆ ಫೋನಲ್ಲಿ ದೊಡ್ಡಾಕಿ ಕಂಪ್ಲೇಂಟ್ ಹೇಳ್ತಿದ್ಲು, ‘ಮಾಮಾ, ಬಡ್ಡಿ ಎಷ್ಟಾಗುತ್ತೆ ಹೇಳು’ ಅಂತ.